ಮೊದಲು ಜಾಗ, ಆಮೇಲೆ ಕಾಯಿಲೆ: ಪ್ರಶ್ನೆ ಮತ್ತು ಕೇಸ್ ಹಿಡಿದು ಕ್ಲಿನಿಕಲ್ ನ್ಯೂರೋ ಕಲಿಯುವ ಬಗೆ

ಮಂಗಳೂರಿನ ಒಂದು ವಾರ್ಡಿನಲ್ಲಿ ನನಗೆ ಸಿಕ್ಕಿದ ಮೊದಲ ನ್ಯೂರೋ (ಮಿದುಳು-ನರದ) ಕೇಸ್ ಒಬ್ಬರು ಅಜ್ಜಿ. "ದಾದ ಆಂಡ್ ಅಜ್ಜಿ?" (ಏನಾಯಿತು?) ಎಂದು ನನಗೆ ಬರುವ ನಾಲ್ಕು ತುಳು ಶಬ್ದಗಳಲ್ಲಿ ಎರಡನ್ನು ಖರ್ಚು ಮಾಡಿದೆ. "ತರೆ ತಿರ್ಗುಂಡು ಮಗಾ" ಅಂದರು, ತಲೆ ತಿರುಗುತ್ತದೆ ಎಂದು. ಅಷ್ಟೇ. ಅಷ್ಟು ಹೊತ್ತಿಗೆ ನಾನು ಸಾವಿರಾರು ಎಂಸಿಕ್ಯು (ನಾಲ್ಕು ಆಯ್ಕೆಯ ಪ್ರಶ್ನೆ) ಬಿಡಿಸಿದ್ದೆ, ತಲೆ ತಿರುಗುವುದಕ್ಕೆ ಹತ್ತು ಹದಿನೈದು ಕಾರಣ ಬಾಯಿಪಾಠ ಇತ್ತು. ಮುಂದೆ ಎಂತ ಕೇಳಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು, ನಾನು ಕೇಸ್ ಶೀಟ್ ನೋಡಿದೆ.

ಪ್ರಶ್ನೆ ಬ್ಯಾಂಕಿನಲ್ಲಿ ರೋಗಿಯ ಮಾತನ್ನು ಯಾರೋ ಮೊದಲೇ ಸೋಸಿ "ವರ್ಟೈಗೊ" (ಸುತ್ತಲಿನದ್ದು ತಿರುಗಿದಂತಾಗುವುದು) ಎಂದು ಬರೆದಿಟ್ಟಿರುತ್ತಾರೆ. ವಾರ್ಡಿನಲ್ಲಿ ಸೋಸುವ ಕೆಲಸವೇ ನಮ್ಮ ಪಾಲಿನದು. ಬರೀ ಪ್ರಶ್ನೆ ಬಿಡಿಸಿದವರಿಗೆ ಕೇಳಲು ಬರುವುದಿಲ್ಲ. ಬರೀ ವಾರ್ಡ್ ಸುತ್ತಿದವರಿಗೆ ಕಂಡದ್ದನ್ನು ಒಂದು ಜಾಗಕ್ಕೆ ತಂದು ನಿಲ್ಲಿಸಲು ಬರುವುದಿಲ್ಲ. ಎರಡನ್ನೂ ಜತೆಗೆ ನಡೆಸುವ ಕ್ರಮ ನನಗೆ ತಡವಾಗಿ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ಎಂಬಿಬಿಎಸ್ ಕೊನೆಯ ವರ್ಷದವರು, ಹೌಸ್ ಸರ್ಜನ್‌ಗಳು, ಫಿಸಿಯೋಥೆರಪಿ ಓದುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮುಂದೆ ಬರುವ ಕೇಸ್‌ಗಳೆಲ್ಲ ಕಲಿಕೆಗಾಗಿ ಹೆಣೆದವು, ಯಾರೊಬ್ಬರ ಕಥೆಯೂ ಅಲ್ಲ.

ಹಂತ 1: ಮೂರು ಗೆರೆ, ಮೂರು ದಾಟು

ಒಂದೇ ಒಂದು ಪ್ರಶ್ನೆಗೆ ಕೈ ಹಾಕುವ ಮೊದಲು ಖಾಲಿ ಹಾಳೆ ತೆಗೆದುಕೊಳ್ಳಿ. ಮಿದುಳು, ಬ್ರೈನ್‌ಸ್ಟೆಮ್ (ಮಿದುಳಿನ ಕಾಂಡ), ಬೆನ್ನುಹುರಿ ಒಂದರ ಕೆಳಗೆ ಒಂದು ಬರುವ ಹಾಗೆ ಗೀಚಿ. ಚಂದ ಬೇಡ. ಅದರ ಮೇಲೆ ಮೂರು ಗೆರೆ.

ಮೊದಲನೆಯದು ಚಲನೆಯ ದಾರಿ. ಕಾರ್ಟೆಕ್ಸಿನಿಂದ (ಮಿದುಳಿನ ಹೊರಪದರ) ಇಳಿದು ಮೆಡುಲ್ಲದ (ಬ್ರೈನ್‌ಸ್ಟೆಮ್‌ನ ಕೆಳಭಾಗ) ತಳದಲ್ಲಿ ಇನ್ನೊಂದು ಬದಿಗೆ ದಾಟುತ್ತದೆ. ಎರಡನೆಯದು ಕಂಪನ ಮತ್ತು ಕೀಲಿನ ಸ್ಥಾನದ ಅರಿವು. ಬೆನ್ನುಹುರಿಯ ಹಿಂಭಾಗದಲ್ಲಿ ತನ್ನ ಬದಿಯಲ್ಲೇ ಹತ್ತಿ ಹೋಗಿ ಮೆಡುಲ್ಲದಲ್ಲಿ ದಾಟುತ್ತದೆ. ಮೂರನೆಯದು ನೋವು ಮತ್ತು ಬಿಸಿ-ತಂಪು. ಇದಕ್ಕೆ ತಾಳ್ಮೆ ಇಲ್ಲ, ಬೆನ್ನುಹುರಿಗೆ ಬಂದ ಕೂಡಲೇ ಒಂದೆರಡು ಸೆಗ್ಮೆಂಟಿನೊಳಗೆ ಆಚೆ ದಾಟಿಬಿಡುತ್ತದೆ.

ಈಗ ಬೆನ್ನುಹುರಿಯ ಎಡ ಅರ್ಧಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ನೋಡಿ. ಎಡಗಾಲಿಗೆ ಶಕ್ತಿ ಇಲ್ಲ, ಎಡಗಾಲಿಗೆ ಕಂಪನ ತಿಳಿಯುವುದಿಲ್ಲ, ಬಲಗಾಲಿಗೆ ಸೂಜಿ ಚುಚ್ಚಿದರೆ ನೋವಿಲ್ಲ. ಅದೇ ಬ್ರೌನ್-ಸೆಕಾರ್ ಸಿಂಡ್ರೋಮ್. ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಎಡ-ಬಲ ಅದಲುಬದಲು ಮಾಡುತ್ತಾರೆ. ಗೆರೆ ಎಳೆದವರು ಹಾಳೆ ನೋಡಿ ಓದುತ್ತಾರೆ.

ಅದೇ ಹಾಳೆಯಲ್ಲಿ ಬ್ರೈನ್‌ಸ್ಟೆಮ್‌ಗೆ ಮೂರು ಮಹಡಿ ಮಾಡಿ. ಮಿಡ್‌ಬ್ರೈನ್‌ನಲ್ಲಿ 3 ಮತ್ತು 4ನೇ ಕ್ರೇನಿಯಲ್ ನರ (ಮಿದುಳಿನಿಂದಲೇ ಹೊರಡುವ ನರ), ಪಾನ್ಸ್‌ನಲ್ಲಿ 5ರಿಂದ 8, ಮೆಡುಲ್ಲದಲ್ಲಿ 9ರಿಂದ 12. ಸ್ಥೂಲ ಲೆಕ್ಕವೇ, ಆದರೆ ಹತ್ತರಲ್ಲಿ ಒಂಬತ್ತು ಪ್ರಶ್ನೆಗೆ ಸಾಕು. ಮುಖದಲ್ಲಿ ಒಂದು ಬದಿ, ಮೈಯಲ್ಲಿ ಇನ್ನೊಂದು ಬದಿ ಕೆಟ್ಟಿದ್ದರೆ ಮೊದಲು ಬ್ರೈನ್‌ಸ್ಟೆಮ್ ಕಡೆ ನೋಡಿ. ಅಂಚಿನಲ್ಲಿ ಕೆಲವು ಗುರುತು ಹಾಕಿ (ಸಿ ಕುತ್ತಿಗೆ, ಟಿ ಎದೆ, ಎಲ್ ಸೊಂಟ, ಎಸ್ ಅದರ ಕೆಳಗಿನ ಮಟ್ಟ): ಮೊಲೆತೊಟ್ಟಿನ ಮಟ್ಟ ಟಿ4, ಹೊಕ್ಕುಳು ಟಿ10, ಬೈಸೆಪ್ಸ್ ರಿಫ್ಲೆಕ್ಸ್ (ಸುತ್ತಿಗೆ ತಟ್ಟಿದರೆ ಬರುವ ಸೆಳೆತ) ಸಿ5-6, ಟ್ರೈಸೆಪ್ಸ್ ಸಿ7, ಮಂಡಿ ಎಲ್3-4, ಹಿಮ್ಮಡಿ ಎಸ್1. ದೊಡ್ಡವರಲ್ಲಿ ಬೆನ್ನುಹುರಿ ಎಲ್1-ಎಲ್2ರ ಹೊತ್ತಿಗೆ ಮುಗಿಯುತ್ತದೆ, ಲಂಬಾರ್ ಪಂಕ್ಚರ್ (ಬೆನ್ನಿನಿಂದ ನೀರು ತೆಗೆಯುವ) ಸೂಜಿಯನ್ನು ಎಲ್3-4 ಅಥವಾ ಎಲ್4-5ರಲ್ಲಿ ಹಾಕುವುದು ಅದಕ್ಕೇ.

ಈ ಹಾಳೆಯನ್ನು ನೋಡದೆ ಬರೆಯಲು ಬರುವವರೆಗೆ ಮುಂದೆ ಹೋಗಬೇಡಿ. ನಾನು ಮಂಗಳೂರಿನಿಂದ ಮಣಿಪಾಲಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಸುರತ್ಕಲ್ ದಾಟುವಾಗ ಮೂರು ಗೆರೆ ಮುಗಿಯಬೇಕು, ಪಡುಬಿದ್ರಿಗೆ ಬರುವಾಗ ಮೂರು ಮಹಡಿ. ಆ ಬಸ್ಸಿನ ಓಟದಲ್ಲಿ ಗೆರೆ ನೆಟ್ಟಗೆ ಬರುವುದಿಲ್ಲ, ಅಡ್ಡಿಲ್ಲ.

ಹಂತ 2: ಆಯ್ಕೆಗಳನ್ನು ಮುಚ್ಚಿ

ಎಂಸಿಕ್ಯು ಓದುವಾಗ ಕಣ್ಣು ತಾನಾಗಿಯೇ ಎ, ಬಿ, ಸಿ, ಡಿ ಕಡೆ ಇಳಿಯುತ್ತದೆ. ಅಲ್ಲೇ ಕಲಿಕೆ ನಿಂತಿತು, ಅಲ್ಲಿಂದ ಮುಂದೆ ನಡೆಯುವುದು ಗುರುತು ಹಿಡಿಯುವ ಆಟ. ವಾರ್ಡಿನಲ್ಲಿ ಅಜ್ಜಿಯ ಹಣೆಯ ಮೇಲೆ ನಾಲ್ಕು ಆಯ್ಕೆ ಬರೆದಿರುವುದಿಲ್ಲ ಮಾರಾಯ್ರೆ. ಹಾಗಾಗಿ ಉತ್ತರದ ಭಾಗಕ್ಕೆ ಕೈ ಅಡ್ಡ ಇಟ್ಟು ಮೂರು ಸಾಲು ಬರೆಯಿರಿ: ಎಲ್ಲಿ, ಎಷ್ಟು ವೇಗದಲ್ಲಿ, ಏನು. ಇದೇ ಅನುಕ್ರಮದಲ್ಲಿ.

ವೇಗದ ಸಾಲನ್ನು ಹೆಚ್ಚಿನವರು ಹಾರಿಸುತ್ತಾರೆ. ಕ್ಷಣದಲ್ಲಿ ಬಂದು ಉಳಿದುಕೊಂಡದ್ದು ರಕ್ತನಾಳದ ತೊಂದರೆ. ಬಂದು ನಿಮಿಷಗಳಲ್ಲಿ ಹೋದದ್ದು ಫಿಟ್ಸ್, ಟಿಐಎ (ಬಂದು ತಾನೇ ಸರಿಹೋಗುವ ಲಕ್ವ) ಅಥವಾ ಮೈಗ್ರೇನ್. ಗಂಟೆ-ದಿನಗಳಲ್ಲಿ ಏರಿದರೆ ಸೋಂಕು ಅಥವಾ ಉರಿಯೂತ, ವಾರ-ತಿಂಗಳಾದರೆ ಗಡ್ಡೆ, ಟಿಬಿಯಂಥವು, ವರ್ಷಗಟ್ಟಲೆಯಾದರೆ ನರಕೋಶ ಸವೆಯುವ ಕಾಯಿಲೆಗಳು. ಇದಕ್ಕೆ ಅಪವಾದ ಬೇಕಾದಷ್ಟು ಉಂಟು, ಮೊದಲು ನಿಯಮ ಕೈಗೆ ಬರಲಿ.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ಮಲ್ಪೆಯ 58 ವರ್ಷದ ಮೀನುಗಾರ, ಬಿಪಿ ಮಾತ್ರೆ ತಪ್ಪಿಸುತ್ತಾ ಬಂದವರು. ಬೆಳಿಗ್ಗೆ ಬೋಟಿನಿಂದ ಇಳಿಯುವಾಗ ಇದ್ದಕ್ಕಿದ್ದಂತೆ ಲೋಕವೇ ಸುತ್ತಿದಂತಾಗಿ ವಾಂತಿ. ಸ್ವರ ಬಿದ್ದಿದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಮುಖದ ಎಡಭಾಗದಲ್ಲಿ ಮತ್ತು ಮೈಯ ಬಲಭಾಗದಲ್ಲಿ ಬಿಸಿ-ತಂಪು ತಿಳಿಯುತ್ತಿಲ್ಲ. ಎಡ ರೆಪ್ಪೆ ಸ್ವಲ್ಪ ಇಳಿದಿದೆ, ಎಡ ಪಾಪೆ ಚಿಕ್ಕದು. ನಡೆದರೆ ಎಡಕ್ಕೆ ವಾಲುತ್ತಾರೆ. ಕೈಕಾಲಿನ ಶಕ್ತಿ ಪೂರ್ತಿ ಇದೆ.

ಮುಖ ಎಡ, ಮೈ ಬಲ: ಬ್ರೈನ್‌ಸ್ಟೆಮ್. ಯಾವ ಮಹಡಿ? ಸ್ವರ ಮತ್ತು ನುಂಗುವಿಕೆ 9, 10ನೇ ನರದ ಕೆಲಸ, ಹಾಗಾದರೆ ಮೆಡುಲ್ಲ. ಯಾವ ಬದಿ? ನರಗಳು ಕೆಟ್ಟ ಬದಿಯೇ, ಎಡ. ಒಳಭಾಗವೋ ಹೊರಭಾಗವೋ? ಚಲನೆಯ ದಾರಿ ಮೆಡುಲ್ಲದಲ್ಲಿ ಮುಂದೆ, ನಡುಗೆರೆಗೆ ಹತ್ತಿರ ಇರುತ್ತದೆ. ಶಕ್ತಿ ಉಳಿದಿದೆ ಎಂದಮೇಲೆ ಹೊರಭಾಗ. ಇಳಿದ ರೆಪ್ಪೆ ಮತ್ತು ಚಿಕ್ಕ ಪಾಪೆ ಅದೇ ಹೊರಭಾಗದಲ್ಲಿ ಇಳಿಯುವ ಸಿಂಪಥೆಟಿಕ್ ಎಳೆಗಳದ್ದು, ಅಂದರೆ ಹಾರ್ನರ್ ಸಿಂಡ್ರೋಮ್. ವೇಗ: ಕ್ಷಣ. ಏನು: ಎಡ ಲ್ಯಾಟರಲ್ (ಹೊರಭಾಗದ) ಮೆಡುಲ್ಲದ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ), ವ್ಯಾಲೆನ್‌ಬರ್ಗ್ ಸಿಂಡ್ರೋಮ್, ವರ್ಟೆಬ್ರಲ್ ಅಥವಾ ಅದರ ಶಾಖೆ ಪೈಕಾ ರಕ್ತನಾಳ.

ಕೈ ತೆಗೆದು ಆಯ್ಕೆ ನೋಡುವುದು ಈಗ. ಉತ್ತರ ಸಿಕ್ಕಿತೆಂದು ಮುಂದಿನ ಪ್ರಶ್ನೆಗೆ ಓಡಬೇಡಿ. ಉಳಿದ ಮೂರು ಆಯ್ಕೆ ಸರಿಯಾಗಬೇಕಿದ್ದರೆ ಈ ಮೀನುಗಾರರಲ್ಲಿ ಏನು ಬದಲಾಗಬೇಕಿತ್ತು? ಮೀಡಿಯಲ್ (ಒಳಭಾಗದ) ಮೆಡುಲ್ಲ ಆಗಿದ್ದರೆ ಬಲಗೈ-ಬಲಗಾಲು ಬಿದ್ದಿರುತ್ತಿತ್ತು, ನಾಲಗೆ ಹೊರಚಾಚಿದರೆ ಎಡಕ್ಕೆ ತಿರುಗುತ್ತಿತ್ತು. ಪಾನ್ಸ್‌ನ ಹೊರಭಾಗವಾದರೆ ಎಡ ಮುಖ ಸೊಟ್ಟಗಾಗಿ ಎಡ ಕಿವಿ ಮಂದವಾಗುತ್ತಿತ್ತು. ಮಿಡ್‌ಬ್ರೈನ್‌ನ ವೆಬರ್ ಸಿಂಡ್ರೋಮ್ ಆಗಿದ್ದರೆ ಎಡಗಣ್ಣು 3ನೇ ನರ ಬಿದ್ದು ಹೊರಕ್ಕೆ, ಕೆಳಕ್ಕೆ ಸರಿದು, ಬಲಭಾಗ ಪಾರ್ಶ್ವವಾಯು. ಒಂದು ಪ್ರಶ್ನೆಗೆ ಹೀಗೆ ಇಪ್ಪತ್ತು ನಿಮಿಷ ಹೋಗುತ್ತದೆ. ಹೋಗಲಿ. ದಿನಕ್ಕೆ ನೂರು ಬಿಡಿಸಿದೆ ಎಂದು ಸ್ಟೇಟಸ್ ಹಾಕುವವರ ಜತೆ ಸ್ಪರ್ಧೆಗೆ ಇಳಿಯಬೇಡಿ. ನಾನು ಒಂದು ವರ್ಷ ಇಳಿದಿದ್ದೆ, ಅಜ್ಜಿಯ ಮುಂದೆ ಬಾಯಿ ಕಟ್ಟಿದ್ದು ಆ ವರ್ಷವೇ.

ಹಂತ 3: ತಪ್ಪಿನ ಪುಸ್ತಕ

ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ತಪ್ಪಾದ ಪ್ರಶ್ನೆಯ ಸರಿ ಉತ್ತರ ಬರೆದಿಡುವುದಕ್ಕಲ್ಲ, ಯಾಕೆ ತಪ್ಪಿತು ಎಂದು ಬರೆಯುವುದಕ್ಕೆ. ನನ್ನ ತಪ್ಪುಗಳು ಸಾಮಾನ್ಯವಾಗಿ ನಾಲ್ಕು ಜಾತಿ. ನಕ್ಷೆ ಗೊತ್ತಿರಲಿಲ್ಲ. ನಕ್ಷೆ ಗೊತ್ತಿತ್ತು, ಒಂದು ಶಬ್ದ ಕಣ್ತಪ್ಪಿತು. ಜಾಗ ಸರಿ ಹಿಡಿದೆ, ಕಾಯಿಲೆ ತಪ್ಪಿತು. ನಾಲ್ಕನೆಯದು ಎಲ್ಲಕ್ಕಿಂತ ಕಳ್ಳ: ಉತ್ತರ ಸರಿ, ಕಾರಣ ತಪ್ಪು. ಅದನ್ನೂ ತಪ್ಪಿನ ಲೆಕ್ಕಕ್ಕೇ ಹಾಕಿ.

ಬರೆದದ್ದನ್ನು ಮರುದಿನ, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು ನೋಡಿ. ನೋಡುವುದು ಎಂದರೆ ಓದುವುದಲ್ಲ, ಪ್ರಶ್ನೆ ಮಾತ್ರ ಓದಿ ಉತ್ತರ ಬಾಯಲ್ಲಿ ಹೇಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದೆ. ಎರಡು ದಿನ, ಒಂದು ವಾರ ಕಳೆದು ಕೇಳಿದಾಗ ತಮ್ಮನ್ನು ತಾವು ಪರೀಕ್ಷಿಸಿಕೊಂಡವರು ಮುಂದೆ. ಓದುತ್ತಾ ಕೂತಾಗ ಎಲ್ಲ ಬಂದಂತೆ ಅನ್ನಿಸುವುದು ಆ ಐದು ನಿಮಿಷದ ಭ್ರಮೆಯೇ.

ಹಂತ 4: ರೋಗಿಯ ಮಾತನ್ನು ಸೋಸುವುದು

ಇಲ್ಲಿ ನಮ್ಮ ಕರಾವಳಿಯ ವಿದ್ಯಾರ್ಥಿಗೆ ಕಷ್ಟ ಜಾಸ್ತಿ, ಲಾಭವೂ ಜಾಸ್ತಿ. ಒಂದೇ ವಾರ್ಡಿನಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ. ಯಾರೂ "ಪ್ಯಾರೆಸ್ತೀಸಿಯಾ" ಎನ್ನುವುದಿಲ್ಲ. ಜೋಮು ಹಿಡಿದಿದೆ ಎನ್ನುತ್ತಾರೆ, ಮರಗಟ್ಟಿದೆ ಎನ್ನುತ್ತಾರೆ, "ಕೈ ಇಲ್ಲದ ಹಾಗೆ ಆಗಿದೆ" ಎನ್ನುತ್ತಾರೆ. ಕೊನೆಯ ಮಾತು ಸ್ಪರ್ಶದ್ದೂ ಆಗಿರಬಹುದು, ಶಕ್ತಿಯದ್ದೂ ಆಗಿರಬಹುದು. ಆದ್ದರಿಂದ ಲಕ್ಷಣದ ಹೆಸರು ಕೇಳಬೇಡಿ, ದಿನದ ಕೆಲಸ ಕೇಳಿ.

ಚಪ್ಪಲಿಯ ಪ್ರಶ್ನೆ ನನಗೆ ಬಹಳ ಇಷ್ಟ. ನಡೆಯುವಾಗ ಚಪ್ಪಲಿ ಜಾರಿ ಹೋಗುತ್ತದಾ? ಜಾರಿದ್ದು ನಿಮಗೆ ಗೊತ್ತಾಗುತ್ತದಾ? ಗೊತ್ತಾಗಿಯೂ ಹಿಡಿದಿಡಲು ಆಗದಿದ್ದರೆ ಪಾದದ ಶಕ್ತಿ ಕಡಿಮೆ. ಹಿಂದೆ ನೋಡಿದಾಗಲೇ ಚಪ್ಪಲಿ ಇಲ್ಲವೆಂದು ತಿಳಿಯುವುದಾದರೆ ಸ್ಪರ್ಶ ಹೋಗಿದೆ. ಎಂಆರ್‌ಐಗಿಂತ ಮೊದಲು, ಒಂದು ಪೈಸೆ ಖರ್ಚಿಲ್ಲದೆ ಅರ್ಧ ದಾರಿ ಬಂದಾಯಿತು.

ಹೀಗೆಯೇ ಮುಂದುವರಿಸಿ. ನೆಲದಲ್ಲಿ ಕೂತವರು ಏಳಲು ಕೈ ಊರುತ್ತಾರಾ, ತಲೆ ಬಾಚಲು ಕೈ ಎತ್ತಲಾಗುವುದಿಲ್ಲವಾ? ಸೊಂಟ ಮತ್ತು ಭುಜದ ಸ್ನಾಯು, ಅಂದರೆ ಪ್ರಾಕ್ಸಿಮಲ್. ಸ್ನಾಯುವಿನ ಕಾಯಿಲೆಯ ಕಡೆ ಯೋಚಿಸಿ. ಅನ್ನ ಕಲಸಿ ತುತ್ತು ಮಾಡುವುದು, ಅಂಗಿಯ ಗುಬ್ಬಿ ಹಾಕುವುದು ಕಷ್ಟವಾದರೆ ಡಿಸ್ಟಲ್, ಅಂದರೆ ತುದಿಯ ಸ್ನಾಯು. ಬೀಡಿ ಕಟ್ಟುವ ಹೆಂಗಸರನ್ನು ಕೇಳಿದರೆ ಲೆಕ್ಕವೇ ಸಿಗುತ್ತದೆ: "ಮೊದಲು ದಿನಕ್ಕೆ ಸಾವಿರ ಕಟ್ಟುತ್ತಿದ್ದೆ, ಈಗ ಮುನ್ನೂರು ದಾಟುವುದಿಲ್ಲ, ಆರು ತಿಂಗಳಾಯಿತು." ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರ ಬೆರಳೂ ಹಾಗೆಯೇ. ಕೈಯ ಸಣ್ಣ ಸ್ನಾಯುಗಳ ಶಕ್ತಿಯನ್ನು, ಅದು ಇಳಿದ ವೇಗವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸ್ಕೇಲ್ ಯಾವುದಿದೆ?

ಬಚ್ಚಲಿನಲ್ಲಿ ಮುಖಕ್ಕೆ ನೀರು ಹಾಕಿ ಕಣ್ಣು ಮುಚ್ಚಿದ ಕೂಡಲೇ ತೂಗಾಡುತ್ತಾರಾ? ಕೀಲಿನ ಅರಿವು ಹೋಗಿ ಕಣ್ಣಿನ ಆಸರೆಯಲ್ಲಿ ನಿಂತಿದ್ದಾರೆ. ರೋಂಬರ್ಗ್ ಪರೀಕ್ಷೆಯನ್ನು (ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುವುದು) ಮನೆಯಲ್ಲೇ ಮಾಡಿಕೊಂಡು ಬಂದ ಹಾಗೆ.

"ತಲೆ ತಿರುಗುವುದು" ಕನಿಷ್ಠ ಮೂರು ಬೇರೆ ಸಂಗತಿ. ಸುತ್ತಲಿನದ್ದು ತಿರುಗುತ್ತದಾ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗುತ್ತದಾ, ಅಥವಾ ತಲೆ ಸರಿ ಇದ್ದು ಕಾಲು ತತ್ತರಿಸುತ್ತದಾ? ರೋಗಿಗಳು ಇವನ್ನು ಬೆರೆಸಿ ಹೇಳುವುದರಿಂದ ಇಷ್ಟಕ್ಕೇ ನಿಲ್ಲಬೇಡಿ. ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಶುರುವಾಗುತ್ತದೆ, ಈ ಎರಡು ಉತ್ತರಕ್ಕೆ ಹೆಚ್ಚು ತೂಕ.

ಲಕ್ವ ಎಂದು ಕರೆತಂದರೆ ಕೇಳುವ ಮಾತು ಬೇರೆ. ಯಾವಾಗ ಶುರುವಾಯಿತು ಎಂದರೆ "ಬೆಳಿಗ್ಗೆ ಆರು ಗಂಟೆಗೆ ನೋಡಿದೆವು" ಎನ್ನುತ್ತಾರೆ. ನಿಮಗೆ ಬೇಕಾದದ್ದು ಕೊನೆಯ ಬಾರಿ ಸರಿ ಇದ್ದದ್ದು ಯಾವಾಗ ಎಂಬುದು. ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ 4.5 ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ಶುಗರ್ ನೋಡದೆ ಲಕ್ವ ಎನ್ನಬೇಡಿ. ಸಕ್ಕರೆ ತೀರಾ ಇಳಿದಾಗಲೂ ಒಂದು ಬದಿಯ ಕೈಕಾಲು ಬೀಳಬಹುದು.

ಹಂತ 5: ಸುತ್ತಿಗೆ ಎತ್ತುವ ಮೊದಲು ಚೀಟಿ

ಹಿಸ್ಟರಿ ಮುಗಿದ ಕೂಡಲೇ, ರೋಗಿಯನ್ನು ಮುಟ್ಟುವ ಮೊದಲು, ಎಲ್ಲಿ ಕೆಟ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ. ಅದರ ಕೆಳಗೆ, ಯಾವ ಒಂದು ಚಿಹ್ನೆ ಸಿಕ್ಕಿದರೆ ನನ್ನ ಊಹೆ ಸುಳ್ಳಾಗುತ್ತದೆ ಎಂದೂ ಬರೆಯಿರಿ. ಆಮೇಲೆ ಪರೀಕ್ಷಿಸಿ. ಉದಾಹರಣೆಗೆ, ಮುಖ ಸೊಟ್ಟಗಾದವರಲ್ಲಿ ಮಿದುಳಿನ ಮೇಲ್ಭಾಗದ ಲಕ್ವ ಎಂದು ಬರೆದಿದ್ದೀರಿ. ಹುಬ್ಬು ಎತ್ತಿಸಿದಾಗ ಹಣೆಯೂ ಸುಕ್ಕುಗಟ್ಟದಿದ್ದರೆ ಚೀಟಿ ಹರಿಯಿರಿ. ಹಣೆಗೆ ಎರಡೂ ಬದಿಯ ಕಾರ್ಟೆಕ್ಸಿನಿಂದ ಸರಬರಾಜು ಉಂಟು, ಹಾಗಾಗಿ ಹಣೆಯೂ ಬಿದ್ದರೆ ಕೆಟ್ಟದ್ದು 7ನೇ ನರ ಅಥವಾ ಪಾನ್ಸ್‌ನಲ್ಲಿರುವ ಅದರ ಮೂಲ. ಬಾಬಿನ್ಸ್ಕಿ ಚಿಹ್ನೆಗೆ (ಮೇಲಿನ ಚಲನೆಯ ದಾರಿ ಕೆಟ್ಟಿದೆಯೇ ಎಂದು ನೋಡಲು 1896ರಿಂದಲೂ ಬಳಕೆಯಲ್ಲಿದೆ) ಅಂಗಾಲು ಗೀರಿದಾಗ ಕಾಲ್ಬೆರಳು ಮೇಲೆದ್ದಿತೋ ಇಲ್ಲವೋ ಎಂದು ಸಂಶಯ ಬಂದರೆ ಸಂಶಯ ಎಂದೇ ಬರೆಯಿರಿ. ಪಿಜಿಯವರು (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಬರೆದದ್ದನ್ನು ನೋಡಿ ನಮಗೂ ಕಂಡಿತು ಎನ್ನುವ ಅಭ್ಯಾಸ ವೈವಾದಲ್ಲಿ (ಮೌಖಿಕ ಪರೀಕ್ಷೆ) ಸಿಕ್ಕಿಬೀಳುತ್ತದೆ.

ಹಂತ 6: ಕೇಸನ್ನು ಪ್ರಶ್ನೆ ಮಾಡಿ, ಒಂದು ಸಾಲು ಬದಲಿಸಿ

ಸಂಜೆ ರೂಮಿಗೆ ಬಂದ ಮೇಲೆ ನೋಡಿದ ಕೇಸನ್ನು ಆರು ಸಾಲಿನ ಪ್ರಶ್ನೆಯಾಗಿ ಬರೆಯಿರಿ. ಹೆಸರು, ಊರು, ಐಪಿ ನಂಬರ್ (ಆಸ್ಪತ್ರೆಯ ದಾಖಲಾತಿ ಸಂಖ್ಯೆ) ಯಾವುದೂ ಬೇಡ. ಫೋಟೋ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಹೀಗೊಂದು: 46 ವರ್ಷದ ಅಡುಗೆಯವರು, ಹುಟ್ಟಿನಿಂದ ಶುದ್ಧ ಸಸ್ಯಾಹಾರಿ, ಹಾಲು-ಮೊಸರೂ ಕಡಿಮೆ. ಐದು ತಿಂಗಳಿಂದ ಎರಡೂ ಪಾದ ಜೋಮು, ಕತ್ತಲಲ್ಲಿ ನಡೆಯಲು ಹೆದರಿಕೆ. ಕಂಪನ, ಕೀಲಿನ ಅರಿವು ಕಾಲಿನಲ್ಲಿ ಇಲ್ಲ. ಹಿಮ್ಮಡಿ ರಿಫ್ಲೆಕ್ಸ್ ಇಲ್ಲ, ಪ್ಲಾಂಟರ್ (ಅಂಗಾಲು ಗೀರಿದಾಗ ಕಾಲ್ಬೆರಳು) ಎರಡೂ ಮೇಲಕ್ಕೆ.

ಕೊನೆಯ ಸಾಲಿನಲ್ಲಿ ಜಗಳ ಉಂಟು. ಹಿಮ್ಮಡಿ ರಿಫ್ಲೆಕ್ಸ್ ಹೋಗಿದೆ ಎಂದರೆ ಕೆಳಗಿನ ನರ ಕೆಟ್ಟಿದೆ. ಪ್ಲಾಂಟರ್ ಮೇಲಕ್ಕೆ ಎಂದರೆ ಮೇಲಿನ ದಾರಿ ಕೆಟ್ಟಿದೆ. ಎರಡೂ ಒಟ್ಟಿಗೆ, ಜತೆಗೆ ಹಿಂಭಾಗದ ಎಳೆಗಳು. ಬಿ12 ಕೊರತೆ ಈ ಮೂರನ್ನೂ ಒಂದೇ ಹೊಡೆತಕ್ಕೆ ಹಿಡಿಯುತ್ತದೆ: ಸಬ್‌ಅಕ್ಯೂಟ್ ಕಂಬೈನ್ಡ್ ಡಿಜನರೇಶನ್. ರಕ್ತಹೀನತೆ ಇರಲೇಬೇಕೆಂದಿಲ್ಲ. ಫೋಲಿಕ್ ಆ್ಯಸಿಡ್ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿ ನರ ಇನ್ನಷ್ಟು ಕೆಡಬಹುದು.

ಈಗ ಒಂದೇ ಸಾಲು ಬದಲಿಸಿ. ಪ್ಲಾಂಟರ್ ಕೆಳಕ್ಕೆ ಮಾಡಿದರೆ ಬೆನ್ನುಹುರಿ ಚಿತ್ರದಿಂದ ಹೊರಗೆ, ಉಳಿಯುವುದು ನ್ಯೂರೋಪತಿ, ಮೊದಲು ಸಕ್ಕರೆ ಕಾಯಿಲೆ ಕೇಳಿ. ಹಿಮ್ಮಡಿ ರಿಫ್ಲೆಕ್ಸ್ ಜೋರಾಗಿ, ಹೊಕ್ಕುಳಿನಿಂದ ಕೆಳಗೆ ಸೂಜಿ ತಿಳಿಯುವುದಿಲ್ಲ, ಮೂತ್ರ ಕಟ್ಟಿದೆ ಎಂದು ಮಾಡಿದರೆ ಬೆನ್ನುಹುರಿ ಎಲ್ಲೋ ಒತ್ತಿಕೊಂಡಿದೆ, ಎಂಆರ್‌ಐ ನಾಳೆಗೆ ಕಾಯುವ ವಿಷಯವಲ್ಲ. "ಐದು ತಿಂಗಳು" ತೆಗೆದು "ಐದು ದಿನ" ಹಾಕಿ, ರಿಫ್ಲೆಕ್ಸ್ ಎಲ್ಲ ಅಳಿಸಿ, ಕಾಲಿನ ಶಕ್ತಿ ಇಳಿಸಿ: ಗಿಯಾನ್-ಬಾರೆ (ದಿನಗಳಲ್ಲಿ ಏರುವ ನರಗಳ ಉರಿಯೂತ), ಉಸಿರಾಟದ ಮೇಲೆ ಕಣ್ಣಿಡಬೇಕು. ಒಂದು ಕೇಸಿನಿಂದ ನಾಲ್ಕು ಪ್ರಶ್ನೆ ಹುಟ್ಟಿದವು, ನಾಲ್ಕೂ ಮರೆಯುವುದಿಲ್ಲ.

ಹಂತ 7: ನಮ್ಮ ಮಣ್ಣಿನ ಕಂತೆ

ಹೊರಗಿನ ಪ್ರಶ್ನೆ ಬ್ಯಾಂಕುಗಳಲ್ಲಿ ಲೈಮ್ ಕಾಯಿಲೆ (ಉಣುಗಿನಿಂದ ಹರಡುವ ಸೋಂಕು) ಪದೇ ಪದೇ ಬರುತ್ತದೆ. ಕಟ್ಟು ಹಾವು (ಕ್ರೇಟ್) ಬರುವುದಿಲ್ಲ. ಇಂಥದ್ದನ್ನು ನಾವೇ ಬರೆದುಕೊಳ್ಳಬೇಕು.

ನೆಲದ ಮೇಲೆ ಮಲಗಿದ್ದ ಯುವಕ, ನಸುಕಿನಲ್ಲಿ ಹೊಟ್ಟೆನೋವು, ಬೆಳಕು ಹರಿಯುವಾಗ ಎರಡೂ ರೆಪ್ಪೆ ಇಳಿದಿವೆ, ಆಮೇಲೆ ನುಂಗಲಾಗದು, ಆಮೇಲೆ ಕೈಕಾಲು. ಕಚ್ಚಿದ ಗುರುತು ಕಾಣದೇ ಇರಬಹುದು. ಕಟ್ಟು ಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುವುದರಿಂದ ನಿಯೋಸ್ಟಿಗ್ಮಿನ್ ಔಷಧಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ನಾಗರಹಾವಿನದ್ದು ಆಚೆ ಬದಿಯ, ಸ್ನಾಯುವಿನ ರಿಸೆಪ್ಟರ್ ಹಿಡಿಯುವುದರಿಂದ ಜಗ್ಗಬಹುದು. ಮೈಯೆಲ್ಲ ಕಟ್ಟಿಹೋಗಿ ಪಾಪೆ ಅಗಲವಾದವರನ್ನು ಮಿದುಳು ಸತ್ತಿದೆ ಎಂದು ತಪ್ಪು ತಿಳಿಯುವ ಅಪಾಯ ಇಲ್ಲಿ ನಿಜವಾಗಿಯೂ ಉಂಟು.

ಅಡಿಕೆ ಮರದಿಂದ ಬಿದ್ದವರದ್ದು ಇನ್ನೊಂದು. ಬೆನ್ನುಹುರಿ ತುಂಡಾದರೂ ಮೊದಲ ದಿನಗಳಲ್ಲಿ ಕಾಲು ಸಡಿಲ, ರಿಫ್ಲೆಕ್ಸ್ ಶೂನ್ಯ. ಪುಸ್ತಕದಲ್ಲಿ ಓದಿದ ಬಿಗಿ ಬರುವುದು ಸ್ಪೈನಲ್ ಶಾಕ್ ಇಳಿದ ಮೇಲೆ. ಮಲೆನಾಡಿನ ಅಂಚಿನಿಂದ ಬಂದವರಲ್ಲಿ ಮಂಗನ ಕಾಯಿಲೆ ನೆನಪಿರಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ, ತಲೆನೋವು, ಕುತ್ತಿಗೆ ಬಿಗಿತ, ನಡುಕ. ಮೊಣಕೈ ಬಳಿ ಅಲ್ನರ್ ನರ ದಪ್ಪಗಾಗಿ ಕೈಗೆ ತಗಲಿದರೆ ಕುಷ್ಠದ ಮಚ್ಚೆ ಹುಡುಕಿ. ಜ್ವರದ ಜತೆ ಪ್ರಜ್ಞೆ ಮಂಕಾದರೆ ಮಲೇರಿಯಾ ಸ್ಮಿಯರ್ ತಪ್ಪಿಸಬೇಡಿ.

ಹಂತ 8: ನಾಲ್ಕು ಜನ, ಒಂದು ಚಾ

ವಾರಕ್ಕೊಮ್ಮೆ ಕೂರಿ, ನಾಲ್ಕಕ್ಕಿಂತ ಹೆಚ್ಚಾದರೆ ಹರಟೆಯಾಗುತ್ತದೆ. ಒಬ್ಬರು ರೋಗಿ. ತಾವು ನೋಡಿದ ಕೇಸನ್ನು ರೋಗಿಯ ಭಾಷೆಯಲ್ಲೇ ಹೇಳಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ. ಇಂಗ್ಲಿಷ್ ವೈದ್ಯಕೀಯ ಶಬ್ದ ಬಾಯಿಗೆ ಬಂದರೆ ಆ ದಿನದ ಚಾ ಅವರದ್ದು. ತುಳು ಬಾರದವರು ಮೂರು ಪ್ರಶ್ನೆಯನ್ನಾದರೂ ಕಲಿಯುತ್ತಾರೆ, ನಾನು "ಏಪ ಸುರು ಆಂಡ್?" (ಯಾವಾಗ ಶುರುವಾಯಿತು?) ಕಲಿತದ್ದು ಹೀಗೆ.

ನನ್ನ ಸರದಿ ಬಂದಾಗ ಅಜ್ಜಿಯಾಗಿ ಕೂತೆ. ಆ ದಿನ ವಾರ್ಡಿನಲ್ಲಿ ನಾನು ಕೇಳದ್ದನ್ನು ನಮ್ಮ ಪಿಜಿ ಕೇಳಿದ್ದರು: ಎಷ್ಟು ಹೊತ್ತು ಅಜ್ಜಿ? ಅರ್ಧ ನಿಮಿಷ. ಯಾವಾಗ? ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದಾಗ. ತಲೆ ಬಲಕ್ಕೆ ತಿರುಗಿಸಿ ಸಟ್ಟನೆ ಮಲಗಿಸುವ ಡಿಕ್ಸ್-ಹಾಲ್‌ಪೈಕ್ ಮಾಡಿದಾಗ ಕಣ್ಣು ಓಡಿತು, ಹರಳನ್ನು ಜಾಗಕ್ಕೆ ಸೇರಿಸುವ ಎಪ್ಲಿ ಮಾಡಿದರು, ಕಿವಿಯೊಳಗಿನ ಹರಳಿನ ಕಥೆ ಅಲ್ಲಿಗೆ ಮುಗಿಯಿತು. ಗೆಳೆಯರು ಹತ್ತು ನಿಮಿಷದಲ್ಲಿ ಅಲ್ಲಿಗೆ ಬಂದರು. ಆಗ ನಾನು ಒಂದು ಸಾಲು ಬದಲಿಸಿದೆ: ಅರ್ಧ ನಿಮಿಷವಲ್ಲ, ನಿನ್ನೆಯಿಂದ ನಿಲ್ಲದೆ ತಿರುಗುತ್ತಿದೆ, ಎಡಕ್ಕೆ ನೋಡಿದರೆ ಕಣ್ಣು ಎಡಕ್ಕೆ ಹೊಡೆಯುತ್ತದೆ, ಬಲಕ್ಕೆ ನೋಡಿದರೆ ಬಲಕ್ಕೆ, ತಲೆಯನ್ನು ಸಟ್ಟನೆ ತಿರುಗಿಸಿದರೂ ನೋಟ ಗುರಿ ಬಿಡುವುದಿಲ್ಲ. ಮೂವರೂ ಚಾದ ಲೋಟ ಕೆಳಗಿಟ್ಟು, ಕಿವಿಯನ್ನು ಬಿಟ್ಟು, ಹಾಳೆಯಲ್ಲಿ ಕೆಳಗಿನ ಎರಡು ಮಹಡಿ ಮತ್ತು ಸೆರೆಬೆಲ್ಲಮ್ (ಕಿರುಮಿದುಳು) ಬರೆಯಲು ಶುರು ಮಾಡಿದರು.